ಗಿಣಿಯ ಬಾಯಲ್ಲಿ ಏನದು

ರಾತ್ರಿಯೇ ಅಚ್ಚುಗಳನ್ನು ಬೋಗುಣಿಯ ನೀರಲ್ಲಿ ಮುಳುಗಿಸಿಟ್ಟಿದ್ದೆ.
ಕಿನ್ನಾಳದ ಕೈ ಕೆತ್ತಿದ ಮರ, ನಾಲ್ಕು ತಲೆಮಾರಿನ ಸಕ್ಕರೆ ಕುಡಿದದ್ದು,
ಬೆಳಿಗ್ಗೆ ಎತ್ತಿದರೆ
ಕೆರೆಯಿಂದ ಎದ್ದ ಎಮ್ಮೆಯ ಹಾಗೆ ಕಪ್ಪಗೆ, ಭಾರ.

ಗೌರಿ ಹುಣ್ಣಿಮೆ. ಭಾಗ್ಯನಗರದ ನಮ್ಮ ಓಣಿಯಲ್ಲಿ
ಮಗ್ಗಗಳು ಸುಮ್ಮನಿವೆ.
ಆ ಸದ್ದಿನ ಜಾಗ ತುಂಬಲಿಕ್ಕೆ ತಮ್ಮನ ಮಕ್ಕಳು ಬಂದಿದ್ದಾರೆ,
ಇಂಚರಾಗೆ ಆರು, ವೀರುಗೆ ನಾಲ್ಕು.
"ಅತ್ತೀ, ನಾ ಸುರೀತೀನಿ."
"ಇಲ್ಲ, ನಾ."

ಸುರಿಯೋದು ಆಮೇಲೆ. ಮೊದಲು ಕಟ್ಟಬೇಕು.
ಆನೆಯ ಎರಡು ಹೋಳು ಕೂಡಿಸಿ, ಕುದುರೆಯವು, ನವಿಲಿನವು,
ಮಗ್ಗದ ಹಳೆ ನೂಲು ಸುತ್ತಿ ಬಿಗಿಯಬೇಕು.
ಸಡಿಲಾದರೆ ಪಾಕ ಸಂದಿಯಿಂದ ಸೋರಿ
ಕುದುರೆಗೆ ರೆಕ್ಕೆ ಬರುತ್ತವೆ.
"ಬರ್ಲಿ," ಅಂದ ವೀರು.

ಕುದಿಯುವ ಸಕ್ಕರೆಗೆ ಒಂದು ಚಮಚ ಹಾಲು ಬಿದ್ದರೆ ಸಾಕು,
ತನ್ನ ಹೊಲಸನ್ನೆಲ್ಲ ತಾನೇ ಮೇಲೆ ತಂದು ಒಪ್ಪಿಸುತ್ತದೆ.
ಸೋಸಿ, ಮತ್ತೆ ಕುದಿಸಿ, ಇಳಿಸಿ,
ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕಬೇಕು, ಬೆಳ್ಳಗಾಗುವ ತನಕ.
"ಎಲ್ಲಿ ನಿಲ್ಲಸ್ಬೇಕಂತ ಹೆಂಗ ಗೊತ್ತಾಗ್ತೈತಿ?"
ನನಗೆ ಗೊತ್ತಿಲ್ಲ, ಕೈಗೆ ಗೊತ್ತು.
ಇಂಚರಾಳ ಕೈಯನ್ನು ನನ್ನ ಕೈಯೊಳಗಿಟ್ಟು ತಿಕ್ಕಿದೆ.
ಸೌಟು ಒಮ್ಮೆಲೇ ತೂಕವಾಯಿತು.
"ಈಗ," ಅಂದಳು,
ನಾನು ಬಾಯಿ ತೆರೆಯುವ ಮೊದಲೇ.

ಸುರಿದ ಮೇಲೆ ನೂರು ಎಣಿಸಬೇಕು.
ವೀರು ಇಪ್ಪತ್ತೊಂಬತ್ತರಿಂದ ಸೀದಾ ನಲವತ್ತಕ್ಕೆ ಹಾರಿದ.
ಹಬ್ಬದ ದಿನ, ಹೋಗಲಿ ಬಿಡು ಅಂದೆ.

ನೂಲು ಬಿಚ್ಚಿದೆ. ಗಿಣಿ ಬಂತು.
ಕೊಕ್ಕಿನ ತುದಿಗೆ ಕಡಲೆಯಷ್ಟು ಒಂದು ಗಂಟು.
"ಅತ್ತಿ, ಗಿಣಿ ಬಾಯಾಗ ಏನದು?"

ಪ್ರತಿ ವರ್ಷ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ.
ಅವ್ವ ಹೇಳುತ್ತಿದ್ದಳು: ಗೌರಿಗೆ ತವರಿನಿಂದ ಬಂದ ಓಲೆ.
ಕಾಕಾ: ಎಲೆ ಅಡಕಿ, ಸುಣ್ಣ ಸ್ವಲ್ಪ ಜಾಸ್ತಿ.
ನನ್ನ ತಮ್ಮ ಒಂದು ವರ್ಷ ಅದು ಹಲ್ಲುನೋವು ಅಂದು
ಏಟು ತಿಂದಿದ್ದ.
ಎಲ್ಲಕ್ಕಿಂತ ಮೊದಲು ಹೇಳಿದವಳು ಆಯಿ, ಬನಶಂಕರವ್ವ:
"ಪೇರಲಹಣ್ಣವ್ವ. ಗೌರಿಗೆ ಅಂತ ತಂದೈತಿ."

ಹೇಳಿದ್ದು ನನಗಲ್ಲ, ನನ್ನ ಅವ್ವನಿಗೆ.
ನನಗಾಗ ಏಳು ವರ್ಷ.
ಅಚ್ಚು ಎತ್ತಿಕೊಂಡು ಓಡಿದ್ದೆ, ಒರಳಿಗೆ ಬಡಿದಿತ್ತು,
ಕೊಕ್ಕಿನ ಪಕ್ಕದ ಮರದ ಚೂರು ಹಾರಿತ್ತು.
ಅದನ್ನು ಜೋಳದ ಚೀಲದೊಳಗೆ ಮೊಣಕೈ ತನಕ ಹುಗಿದು
ಬಂದು ಸೆರಗಿಲ್ಲದ ಲಂಗದಲ್ಲೇ ಕೈ ಒರೆಸಿಕೊಂಡಿದ್ದೆ.
ಅವ್ವ ಗಂಟು ನೋಡಿ "ಇದೇನಿದು?" ಅಂದಾಗ
ಆಯಿ ಪೇರಲಹಣ್ಣು ಅಂದಳು.
ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಈ ಮಕ್ಕಳಿಗೆ ಹೇಳೋಣವೇ ಅಂತ ಬಾಯಿಗೆ ಬಂದಿತ್ತು.
"ಪೇರಲಹಣ್ಣು," ಅಂದೆ.

ಎರಡನೇ ಪಾಕಕ್ಕೆ ಹಳದಿ ಬಣ್ಣ.
ಅಚ್ಚು ತೊಳೆಯಲು ಬಚ್ಚಲಿಗೆ ಹೋಗಿದ್ದರು ಇಬ್ಬರೂ.
ಟಕ್.
ಆಮೇಲೆ ನೀರಿನ ಸದ್ದು,
ಬೇಕಾದದ್ದಕ್ಕಿಂತ ಬಹಳ ಹೊತ್ತು.
ಇಂಚರಾ ಆನೆಯ ಅಚ್ಚು ತಂದಿಟ್ಟು
ಕೈ ಹಿಂದೆ ಕಟ್ಟಿ ನಿಂತಳು.
ನಾನು ನೂಲು ಸುತ್ತಿದೆ. ಸುರಿದೆ.
ಈ ಸಲ ಅವಳೇ ಎಣಿಸಿದಳು, ಒಂದೂ ಬಿಡದೆ,
ನೂರಾದ ಮೇಲೂ ಎಣಿಸುತ್ತಲೇ ಇದ್ದಳು.

ಬಿಚ್ಚಿದರೆ ಆನೆಯ ಬೆನ್ನ ಮೇಲೊಂದು ಗಂಟು.
"ಅಕ್ಕಾ, ಏನದು?" ವೀರು ಮುಟ್ಟಿ ನೋಡಿದ.
ನಾನು ಚಾಕು ಹಿಡಿದು
ನವಿಲಿನ ಬಾಲದ ಅಂಚು ಹೆರೆಯುವುದರಲ್ಲಿ
ಎಷ್ಟು ಮುಳುಗಿದ್ದೆನೆಂದರೆ
ತಲೆ ಎತ್ತಲೇ ಇಲ್ಲ.
ಒಲೆಯ ಮೇಲೆ ಉಳಿದ ಪಾಕ ಒಮ್ಮೆ ಗುಳುಕ್ ಅಂದಿತು.

"ಪಾಟಿಚೀಲ," ಅಂದಳು ಇಂಚರಾ. "ಆನಿ ಸಾಲಿಗೆ ಹೊಂಟೈತಿ."

ಸಂಜೆ ದೊಗಳೆ ಸೀರೆ ಉಟ್ಟು, ಪಿನ್ನು ಚುಚ್ಚಿಸಿಕೊಂಡು ಎರಡು ಸಲ ಅತ್ತು,
ತಟ್ಟೆ ತುಂಬ ಆರತಿ ಹೊತ್ತು ಗೌರಿಯ ಮುಂದೆ ಇಟ್ಟು ಬಂದಳು.
ಓಣಿಗೆಲ್ಲ ಹಂಚಿದೆವು. ಎದುರುಮನೆ ಸುಗುಣಕ್ಕನಿಗೆ ಕುದುರೆ,
ರೆಕ್ಕೆಯ ಸಮೇತ.
ಆನೆ ಮಾತ್ರ ಮನೆಯಲ್ಲೇ ಉಳಿಯಿತು.
ವೀರು ಸೊಂಡಿಲು ಬಿಟ್ಟ, ಕಿವಿ ಬಿಟ್ಟ,
ಮೊದಲು ಆ ಚೀಲವನ್ನೇ ಕಡಿದು
ಬಾಯಿ ತುಂಬಿಸಿಕೊಂಡು ಕೂಗಿದ:
"ಸಾಲಿ ಸೂಟೀ!"